ಎಲೆಗೆ ಸಹವಾಸ ದೋಷ

ಗಾಂಜಾ ಗಿಡದ ಮೇಲೆ ನಮ್ಮ ಕಾನೂನಿಗೆ ಪೂರ್ತಿ ಸಿಟ್ಟಿಲ್ಲ, ಅರ್ಧ ಗಿಡದ ಮೇಲಷ್ಟೇ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಹೂವಿನ ತುದಿ ಗಾಂಜಾ, ಅದರ ಅಂಟು ಚರಸ್. ಇಬ್ಬರೂ ಅಪರಾಧಿಗಳು. ಎಲೆ, ಬೀಜ ಒಂಟಿಯಾಗಿ ಓಡಾಡಿಕೊಂಡಿದ್ದರೆ ಸಂಭಾವಿತರು. ಹೂವಿನ ಜೊತೆ ಸಿಕ್ಕಿಬಿದ್ದರೆ ಅವರೂ ಒಳಗೆ. ಅಜ್ಜಿಯರು ಸಹವಾಸ ದೋಷ ಅನ್ನುತ್ತಿದ್ದುದನ್ನು ಸಂಸತ್ತು ಕಾಯ್ದೆಯೊಳಗೆ ಸೇರಿಸಿತು. ಜಾರಿಗೆ ಬಂದದ್ದು ನವೆಂಬರ್ 14, ಮಕ್ಕಳ ದಿನಾಚರಣೆಯ ಶುಭ ಮುಹೂರ್ತದಲ್ಲಿ.

2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಒಬ್ಬನ ಹತ್ತಿರ ಎಲೆಯಿಂದ ಮಾಡುವ ಭಂಗ್ 29 ಕೆ.ಜಿ. ಹಿಡಿದರು. ಪ್ರಕರಣ ಹೈಕೋರ್ಟಿಗೆ ಹೋಯಿತು. ಇದು ಲಸ್ಸಿ ಅಂಗಡಿಗಳಲ್ಲಿ ಸಿಗುವ ಪೇಯ, ಗಾಂಜಾದಿಂದಲೋ ಚರಸ್‌ನಿಂದಲೋ ಮಾಡಿದ್ದು ಅನ್ನುವುದಕ್ಕೆ ಆಧಾರವಿಲ್ಲ ಎಂದು ನ್ಯಾಯಮೂರ್ತಿ ಕೆ. ನಟರಾಜನ್ ಜಾಮೀನು ಕೊಟ್ಟರು. ಅಲ್ಲಿಗೆ ಎಲೆಯ ಮಾನ ಉಳಿಯಿತು.

ಹೂವಿನ ಕಥೆ ಬೇರೆ. ಮಲ್ಲೇಶ್ವರ ದಾಟಿದರೆ ಸಿಗುವ ಸದಾಶಿವನಗರ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ 2024ರಲ್ಲಿ ಗಂಡ ಹೆಂಡತಿ ತಮ್ಮ ಬಾಲ್ಕನಿಯ ಕುಂಡಗಳ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ತುಳಸಿ, ದಾಸವಾಳ ಹಾಕುವ ಊರಲ್ಲಿ ಇವರ ಕುಂಡದಲ್ಲಿ ಗಾಂಜಾ. ಲೈಕು ಎಷ್ಟು ಬಂತೋ, ಪೊಲೀಸರಂತೂ ಬಂದರು. ಸಿಕ್ಕಿದ್ದು 54 ಗ್ರಾಂ. ಒಗ್ಗರಣೆಗೆ ಹಾಕುವ ಕರಿಬೇವಿನಷ್ಟು.

ಈಗ ಲೆಕ್ಕ ನೋಡಿ. ನಿಮ್ಮ ಜೇಬಿನಲ್ಲಿ ಒಂದು ಕೆ.ಜಿ. ತನಕ ಗಾಂಜಾ ಇದ್ದರೆ (ಅಷ್ಟು ದೊಡ್ಡ ಜೇಬು ಹೊಲಿಯುವ ಟೈಲರ್ ಸಿಕ್ಕರೆ) ಅದು 'ಅಲ್ಪ ಪ್ರಮಾಣ': ಹೆಚ್ಚೆಂದರೆ 1 ವರ್ಷ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಸೇದಿದ್ದಕ್ಕೆ 6 ತಿಂಗಳ ತನಕ. ಗಿಡ ಬೆಳೆಸಿದರೆ ಮಾತ್ರ 10 ವರ್ಷದವರೆಗೆ ಕಠಿಣ ಸಜೆ. ಒಂದು ಕುಂಡವೋ ಒಂದು ಎಕರೆಯೋ, ಬೆಳೆಗೆ ಅಲ್ಪ ಪ್ರಮಾಣ ಅನ್ನುವುದೇ ಇಲ್ಲ. ಅಂದರೆ ಕಾನೂನು ಹೇಳುವುದಿಷ್ಟು: ಅಪ್ಪಾ, ಮನೆಯಲ್ಲಿ ಬೆಳೆದುಕೊಂಡು ಕೆಡಬೇಡ, ಕೆಡುವುದೇ ಆದರೆ ದುಡ್ಡು ಕೊಟ್ಟು ಕೆಡು, ಮಾರುವವನೂ ಬದುಕಬೇಕಲ್ಲ.

ಹೊರದೇಶಗಳಲ್ಲಿ ಖಾಸಗಿ ಗಾಂಜಾ ಕ್ಲಬ್ಬುಗಳು ಹುಟ್ಟಿದ್ದು ಈ ಮಾರುವವನನ್ನು ನಡುವಿನಿಂದ ಎತ್ತಿಹಾಕುವುದಕ್ಕೆ. ಜರ್ಮನಿ 2024ರ ಏಪ್ರಿಲ್ 1ರಂದು ಮನೆಯಲ್ಲಿ 3 ಗಿಡಕ್ಕೆ ಒಪ್ಪಿಗೆ ಕೊಟ್ಟಿತು, ಜುಲೈ 1ರಿಂದ ಸಂಘ ಕಟ್ಟಿಕೊಂಡು ಬೆಳೆಯುವುದಕ್ಕೂ. ಸಂಘಕ್ಕೆ 500 ಸದಸ್ಯರು ಮೀರಬಾರದು, ಒಬ್ಬರಿಗೆ ತಿಂಗಳಿಗೆ 50 ಗ್ರಾಂ, 21 ತುಂಬದವರಿಗೆ 30.

ಸಂಘ ಅಂದಕೂಡಲೇ ನಮ್ಮ ಪಶ್ಚಿಮ ಬೆಂಗಳೂರಿನ ಕಿವಿ ನೆಟ್ಟಗಾಗುತ್ತದೆ. ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಲ್ಲಿ 'ಗಾಂಜಾ ಸೇವಿಗಳ ಕ್ಷೇಮಾಭಿವೃದ್ಧಿ ಸಂಘ (ನೋಂ.)' ಶುರುವಾಯಿತು ಅಂದುಕೊಳ್ಳಿ. ಮೊದಲ ವಾರ ಅಧ್ಯಕ್ಷರ ಆಯ್ಕೆ. ಎರಡನೇ ವಾರ ಖಜಾಂಚಿಯ ಮೇಲೆ ಅನುಮಾನ. ಮೂರನೇ ವಾರ ವಿಜಯನಗರದ ಬಣ ಒಡೆದು 'ಮೂಲ ಗಾಂಜಾ ಸೇವಿಗಳ ಸಂಘ'. ನವೆಂಬರಿನಲ್ಲಿ ರಾಜ್ಯೋತ್ಸವ, ಆರ್ಕೆಸ್ಟ್ರಾ, ಪಲಾವ್. ಪಲಾವ್ ಸಾಲದು, ಸದಸ್ಯರ ಹಸಿವು ಬೇರೆ ತರಹದ್ದು. ಆದರೆ ಜರ್ಮನಿಯ ನಿಯಮದಲ್ಲಿ ಎರಡು ಷರತ್ತುಗಳಿವೆ. ಕ್ಲಬ್ಬಿನೊಳಗೆ ಸೇದುವಂತಿಲ್ಲ, ಬಾಗಿಲಿನಿಂದ 100 ಮೀಟರ್ ಒಳಗೆ ಕಣ್ಣಿಗೆ ಬೀಳುವ ಹಾಗೆಯೂ ಸೇದುವಂತಿಲ್ಲ. ಅದನ್ನು ನಮ್ಮವರು ಸಹಿಸಿಯಾರು. ಜಾಹೀರಾತು ಮಾಡುವಂತಿಲ್ಲ ಅನ್ನುವುದು ಎರಡನೆಯದು. ಫ್ಲೆಕ್ಸ್ ಹಾಕದ ಮೇಲೆ ಸಂಘ ಯಾಕೆ ಸ್ವಾಮಿ? ಅಲ್ಲಿಗೆ ನಮ್ಮವರ ರಾಜೀನಾಮೆ.

ಇಲ್ಲಿ ಕ್ಲಬ್ಬು ಕಟ್ಟುವುದಕ್ಕೆ ಹೊರಟವನಿಗೆ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 25 ಕಾದಿದೆ. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಮನೆ ಮಾಲೀಕನಿಗೂ ಅಪರಾಧಿಗಿರುವಷ್ಟೇ ಶಿಕ್ಷೆ. ರಾಜಾಜಿನಗರದ ಓನರ್ ಬಾಡಿಗೆಗೆ ಬಂದವರನ್ನು "ಮೊಟ್ಟೆ ಮಾಡ್ತೀರಾ? ನೆಂಟರು ಜಾಸ್ತಿ ಬರ್ತಾರಾ? ಮಗು ಗೋಡೆ ಮೇಲೆ ಗೀಚುತ್ತಾ?" ಅಂತ ಸಿಬಿಐಗಿಂತ ಚೆನ್ನಾಗಿ ವಿಚಾರಿಸುತ್ತಾನೆ. ಮೊಟ್ಟೆಗೆ ಸೆಕ್ಷನ್ ಇಲ್ಲ, ಇದಕ್ಕಿದೆ.

ಅತ್ತ ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿ ಗುರಿ ಕೊಟ್ಟಿತು. ಕುಡಿಯುವವನ ಬದುಕಿಗೆ ಗುರಿ ಇಲ್ಲದಿದ್ದರೂ ಅವನ ಪರವಾಗಿ ಸರ್ಕಾರಕ್ಕೆ ಇದೆ. ಕ್ಲಬ್ಬಿನಲ್ಲಿ ಕುಡಿಯುವುದಕ್ಕೆ ಸಿಎಲ್-4 ಲೈಸೆನ್ಸೂ ಇದೆ. ಸರ್ಕಾರದ್ದೇ ಎಂಎಸ್‌ಐಎಲ್ ಮಕ್ಕಳಿಗೆ 'ಲೇಖಕ್' ನೋಟ್‌ಬುಕ್, ಅಮ್ಮನಿಗೆ ಚಿಟ್ ಫಂಡ್, ಅಪ್ಪನಿಗೆ ಕ್ವಾರ್ಟರ್ ಕೊಟ್ಟು ಇಡೀ ಸಂಸಾರ ಸಾಕುತ್ತಿದೆ. ಗಾಂಜಾದ್ದು ದಿಲ್ಲಿಯ ಕಾಯ್ದೆ, ಹೆಂಡದ್ದು ವಿಧಾನಸೌಧದ ವರಮಾನ, ಎರಡನ್ನೂ ಬೆರೆಸಬೇಡಿ ಅನ್ನುತ್ತಾರೆ ತಿಳಿದವರು. ಸರಿ, ಸೋಡಾ ಮಾತ್ರ ಬೆರೆಸೋಣ. ಇತ್ತ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಸೊಪ್ಪೇ ಪ್ರಸಾದ. ಅಲ್ಲಿ ಭಕ್ತಿ, ಸದಾಶಿವನಗರದಲ್ಲಿ ಎಫ್‌ಐಆರ್. ಶಿವ ಎರಡೂ ಕಡೆ ಇದ್ದಾನೆ.

ಗಾಂಜಾ ಸಾಧು ವಸ್ತು ಅಂತ ನಾನು ವಕಾಲತ್ತು ಹಾಕುತ್ತಿಲ್ಲ. ಹದಿಹರೆಯದಲ್ಲಿ ಹತ್ತಿಸಿಕೊಂಡು ತಲೆ ಕೆಡಿಸಿಕೊಂಡವರಿದ್ದಾರೆ, ವ್ಯಸನಿಗಳ ಚಿಕಿತ್ಸೆಗೆ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಸೆಕ್ಷನ್ ಕೂಡ ಇದೆ: ಸೇವನೆಯ ಇಲ್ಲವೇ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ಇಲ್ಲ; ಚಿಕಿತ್ಸೆ ಪೂರ್ತಿ ಮಾಡದೆ ಓಡಿಹೋದರೆ ಮಾತ್ರ ಆ ರಕ್ಷಣೆ ಹೋಗಬಹುದು. ನಿಮ್ಮ ಮನೆಯ ಹುಡುಗ ಸಿಕ್ಕಿಬಿದ್ದು ವಕೀಲರ ಮುಂದೆ ಕೂತಾಗ, ಫೀಸು ಕೇಳುವುದಕ್ಕೆ ಮೊದಲು ಈ 64ಎ ಬಗ್ಗೆ ಕೇಳಿ.