ಮಹಡಿ ಮನೆಯ ಡಾಕ್ಟರು: ಒಂದು ಕುಲಶಾಸ್ತ್ರೀಯ ಅಧ್ಯಯನ

ಸಾಂಸ್ಕೃತಿಕ ಸಮಾಜಶಾಸ್ತ್ರದ ಪೋಸ್ಟ್‌ಡಾಕ್ಟರಲ್ ಸಂಶೋಧಕರು ಎಂಬ ಪಂಗಡವೊಂದಿದೆ. ಊರಿನ ಬೇರೆಲ್ಲ ಪಂಗಡಗಳನ್ನೂ ಅವರು ಜಾಲಾಡಿ ಆಯಿತು. ಅವರನ್ನು ಜಾಲಾಡುವ ಭಾರ ನನ್ನಂಥ ಮನೆ ಮಾಲೀಕರ ಮೇಲೆ ಬಿದ್ದಿದೆ.

ಅಧ್ಯಯನದ ಕ್ಷೇತ್ರ: ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮಹಡಿ. ಮಾದರಿಯ ಗಾತ್ರ: ಒಂದು. ಸಂಶೋಧನಾ ನೀತಿಗೆ ತಲೆಬಾಗಿ ಅವನನ್ನು ‘ಮಾಹಿತಿದಾರ’ ಎಂದಷ್ಟೇ ಕರೆಯುತ್ತೇನೆ. ನಮ್ಮಾಕೆ ‘ಪಾಪ, ಆ ಹುಡುಗ’ ಎನ್ನುತ್ತಾಳೆ, ಇದು ಪರಿಭಾಷೆಯಲ್ಲ. ಹುಡುಗನಿಗೆ ಮೂವತ್ತಾರು.

ವಿಧಾನ: ಸಹಭಾಗಿ ಅವಲೋಕನ. ಇದೇ ಊರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿ, ಅದಕ್ಕೆ ರಾಂಪುರ ಎಂದು ಹೆಸರಿಟ್ಟು, ಎತ್ತಿನ ಮನೆಯಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟಿದ್ದರು. ನಾನು ಅಷ್ಟು ದೂರ ಹೋಗಲಿಲ್ಲ. ಮೆಟ್ಟಿಲ ಕೆಳಗೆ, ಸ್ಕೂಟರ್ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಓದುವವನಂತೆ ಕೂತೆ. ಶ್ರೀನಿವಾಸರ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋಗಿ, ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಮಾಹಿತಿದಾರ ಈ ಕಥೆಯನ್ನು ವಾರಕ್ಕೊಮ್ಮೆ ಹೇಳುತ್ತಾನೆ. ದನಿಯಲ್ಲಿ ಮರುಕಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು: ಅವನ ಟಿಪ್ಪಣಿಗಳು ಮೂರು ಪೆನ್‌ಡ್ರೈವ್‌ಗಳಲ್ಲಿ ಕ್ಷೇಮವಾಗಿವೆ, ಪುಸ್ತಕ ಬರೆಯದಿರಲು ನೆಪವೇ ಇಲ್ಲ.

ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ 1973ರಲ್ಲಿ, ತತ್ವಜ್ಞಾನಿ ಗಿಲ್ಬರ್ಟ್ ರೈಲ್‌ನ ಉದಾಹರಣೆ ಎತ್ತಿಕೊಂಡು ಒಂದು ಪ್ರಶ್ನೆ ಹಾಕಿದ: ಕಣ್ಣು ತಾನಾಗಿ ಅದುರಿತೋ, ಬೇಕೆಂದೇ ಹೊಡೆದದ್ದೋ? ನೋಡಲು ಎರಡೂ ಒಂದೇ. ಅರ್ಥ ಬಿಡಿಸುವುದೇ ಸಾಂದ್ರ ವಿವರಣೆ. ತಿಂಗಳ ಐದನೇ ತಾರೀಕು ನಾನು ‘ಏನಪ್ಪಾ, ಬಂತಾ?’ ಎಂದಾಗ ಮಾಹಿತಿದಾರನ ಎಡಗಣ್ಣು ಒಮ್ಮೆ ಮುಚ್ಚಿ ತೆರೆಯಿತು. ಅದುರಿದ್ದಾದರೆ ನಿದ್ದೆಗೇಡು, ಹೊಡೆದದ್ದಾದರೆ ನಾವಿಬ್ಬರೂ ಒಂದೇ ಪಿತೂರಿಯ ಪಾಲುದಾರರು. ‘ಗಂಡಸರಿಗೆ ಬಲಗಣ್ಣು ಅದುರಬೇಕು ಕಣ್ರೀ, ಎಡಗಣ್ಣು ಅಪಶಕುನ’ ಎಂದು ನಮ್ಮಾಕೆ ಅಡುಗೆಮನೆಯಿಂದಲೇ ಮೂರನೇ ಭಾಷ್ಯ ಬರೆದಳು. ಗೀರ್ಟ್ಜ್‌ಗೆ ಇದು ಹೊಳೆದಿರಲಿಲ್ಲ.

ಜೀವನಚಕ್ರಕ್ಕೆ ಬರೋಣ. ಯಾವ ಸಂಸ್ಕಾರಕ್ಕೂ ಮೂರು ಹಂತ, ಅಗಲುವುದು, ಹೊಸ್ತಿಲಲ್ಲಿ ನಿಲ್ಲುವುದು, ಮತ್ತೆ ಒಳಸೇರುವುದು ಎಂದು 1909ರಲ್ಲಿ ವಾನ್ ಗೆನ್ನೆಪ್ ಹೇಳಿದ. ನಮ್ಮ ಕಾಶೀಯಾತ್ರೆಯಲ್ಲಿ ಇದು ಹತ್ತು ನಿಮಿಷದ ಕೆಲಸ: ವರ ಕೊಡೆ ಹಿಡಿದು ಹೊರಡುತ್ತಾನೆ, ಹೆಣ್ಣಿನ ಕಡೆಯವರು ಅಡ್ಡಗಟ್ಟಿ ವಾಪಸ್ ಕರೆತರುತ್ತಾರೆ. ಪೋಸ್ಟ್‌ಡಾಕ್ ಕೊಡೆ ಹಿಡಿದು ಹೊರಟು ನಾಲ್ಕು ವರ್ಷವಾಯಿತು. ಅಡ್ಡಗಟ್ಟುವ ಮಾವನೇ ಇಲ್ಲ. ಈ ವೇಗದಲ್ಲಿ ಕಾಶಿ ತಲುಪಿಯೇ ಬಿಡುತ್ತಾನೆ.

ಸಾಂಸ್ಕೃತಿಕ ಬಂಡವಾಳವನ್ನು ಆರ್ಥಿಕ ಬಂಡವಾಳವಾಗಿ ಪರಿವರ್ತಿಸಬಹುದು ಎಂದ ಪಿಯೆರ್ ಬೋರ್ದಿಯು. ಮೂಲೆಯ ದಿನಸಿ ಅಂಗಡಿಯಲ್ಲಿ ಮಾಹಿತಿದಾರ ಪ್ರಯತ್ನಿಸಿ ನೋಡಿದ. ಅಂಗಡಿಯವರು ‘ಇಂದು ನಗದು, ನಾಳೆ ಸಾಲ’ ಬೋರ್ಡಿನ ಧೂಳು ಒರೆಸಿದರು.

ಪಂಗಡದ ಅರ್ಥವ್ಯವಸ್ಥೆ ತಿಳಿಯಲು ಮಾಲಿನೋವ್‌ಸ್ಕಿಯೇ ಬೇಕು. ಟ್ರೋಬ್ರಿಯಾಂಡ್ ದ್ವೀಪಗಳ ‘ಕುಲಾ’ ಎಂಬ ವಿನಿಮಯದಲ್ಲಿ (ನಮ್ಮ ಕುಲಗೋತ್ರಕ್ಕೂ ಅದಕ್ಕೂ ಸಂಬಂಧವಿಲ್ಲ) ಕೆಂಪು ಚಿಪ್ಪಿನ ಹಾರ ಪ್ರದಕ್ಷಿಣವಾಗಿ, ಬಿಳಿ ಚಿಪ್ಪಿನ ತೋಳಬಂದಿ ಅಪ್ರದಕ್ಷಿಣವಾಗಿ ದ್ವೀಪದಿಂದ ದ್ವೀಪಕ್ಕೆ ಸುತ್ತುತ್ತವೆ ಎಂದು ಅವನು 1922ರಲ್ಲಿ ಬರೆದ. ನಮ್ಮ ಮೆಟ್ಟಿಲಲ್ಲೂ ಅದೇ. ಫೆಲೋಶಿಪ್ಪಿನ ಮನೆ ಬಾಡಿಗೆ ಭತ್ಯೆ ಬರಬೇಕಾದರೆ ಬಾಡಿಗೆ ಕಟ್ಟಿದ ರಶೀದಿ ಲಗತ್ತಿಸಬೇಕು. ಬಾಡಿಗೆ ಕಟ್ಟಬೇಕಾದರೆ ಫೆಲೋಶಿಪ್ ಬರಬೇಕು. ಹಾಗಾಗಿ ಬಾರದ ಬಾಡಿಗೆಗೆ ನಾನು ರಶೀದಿ ಬರೆದು ಮೇಲಕ್ಕೆ ಕಳಿಸುತ್ತೇನೆ; ‘ಮುಂದಿನ ವಾರ ಗ್ಯಾರಂಟಿ, ಅಂಕಲ್’ ಎಂಬುದು ಕೆಳಕ್ಕೆ ಇಳಿದುಬರುತ್ತದೆ. ರಶೀದಿ ಗೈಡ್ ಸಹಿ, ವಿಭಾಗದ ಮೊಹರು ದಾಟಿ ಯಾವುದೋ ದ್ವೀಪಕ್ಕೆ ತೇಲಿಹೋಗುತ್ತದೆ. ಒಮ್ಮೆ ಮಾತ್ರ ‘ಮಾಲೀಕರ ಪ್ಯಾನ್ ನಂಬರ್ ನಮೂದಿಸಿಲ್ಲ’ ಎಂಬ ಷರಾದೊಂದಿಗೆ ದಡ ಸೇರಿತ್ತು.

ಏಳು ತಿಂಗಳ ಈ ವಿನಿಮಯದಲ್ಲಿ ನಿಜಕ್ಕೂ ಖರ್ಚಾದ ನಗದು 7 ರೂಪಾಯಿ, ರಶೀದಿಗೊಂದರಂತೆ ಅಂಟಿಸಿದ ರೆವಿನ್ಯೂ ಸ್ಟಾಂಪಿನದು. ಅದನ್ನು ಕೊಟ್ಟವನು ನಾನು.