ಪರ್ಮಾಂಗನೇಟಿನ ಸಪಿಂಡ ನಿರ್ಣಯ

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಸೂತ್ರವಿದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಎರಡು ಮೂರು ಹರಳು 100 ಮಿ.ಲೀ. ನೀರಿನಲ್ಲಿ ಕರಗಿಸು, ಅದರಿಂದ 10 ಮಿ.ಲೀ. ತೆಗೆದು 90 ಮಿ.ಲೀ. ಶುದ್ಧ ನೀರಿಗೆ ಹಾಕು. ಹೀಗೆ 5ರಿಂದ 8 ಸಲ ಮಾಡಿ, ಬಣ್ಣ ಇನ್ನೂ ಇದೆಯೇ ನೋಡು. ಐದರಿಂದ ಎಂಟೇ ಏಕೆಂಬುದಕ್ಕೆ ಸೂತ್ರಕಾರರು ಮೌನ. ಹುಮನಾಬಾದಿನ ಮಕ್ಕಳು ಪ್ರತಿವರ್ಷ ಇದನ್ನೇ ಪ್ರಾಜೆಕ್ಟೆಂದು ಮಾಡುತ್ತಿದ್ದರೂ ಯಾರೂ ಭಾಷ್ಯ ಬರೆದಿಲ್ಲ. ಆ ಕೊರತೆ ಇಂದಿಗೆ ತೀರಿತು.

ಉತ್ತರವಿರುವುದು ಪಕ್ಕದ ಬಸವಕಲ್ಯಾಣದಲ್ಲಿ. ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿಯೇ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಬರೆದ. ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು ಎಂಬುದು ಅವನ ಮತ. ಹಾಗೆ ಹಿಡಿದರೆ, ಅನಾದಿಯಾದ ಈ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ಸಪಿಂಡರಾಗಿಬಿಡುತ್ತಾರೆ ಎಂಬ ತೊಡಕನ್ನೂ ಅವನೇ ಎತ್ತಿದ. ಅದಕ್ಕಾಗಿ ಸ್ಮೃತಿಯ ಗಡಿ: ತಾಯಿಯ ಕಡೆ ಐದು ತಲೆಮಾರು, ತಂದೆಯ ಕಡೆ ಏಳು. ಹಂತಹಂತವಾಗಿ ಸಾರರಿಕ್ತಗೊಳಿಸುವುದೆಂದರೆ ಇದೇ ಅಲ್ಲವೇ? ಪಠ್ಯಪುಸ್ತಕದವರು ಎಂಟನೆಯದೊಂದನ್ನು ಬಹುಶಃ ದತ್ತುಪುತ್ರನಿಗಾಗಿ ಸೇರಿಸಿದ್ದಾರೆ.

ಈಗ ಪ್ರಮಾಣ. ಮೆಡಿಕಲ್ ಶಾಪಿನಿಂದ ತಂದ, ಸೂಜಿಯಿಲ್ಲದ ಸಿರಿಂಜು. ಕಿಟಕಿಯ ಮುಂದೆ ಸಾಲಾಗಿ ಏಳು ಬಾಟಲಿ. ಮೊದಲನೆಯದು ಕಡು ನೇರಳೆ, ಎರಡನೆಯದು ತಿಳಿ ನೇರಳೆ, ಮೂರನೆಯದು ಗುಲಾಬಿ. ನಾಲ್ಕನೆಯದಕ್ಕೆ ಹಿಂದೆ ಬಿಳಿ ಕಾಗದ ಹಿಡಿಯಬೇಕು. ಐದನೆಯದರ ಮುಂದೆ ಸಾಕ್ಷಿ ನುಡಿದದ್ದು: “ಸರ್, ಇದ್ರಾಗ ಏನೂ ಇಲ್ರಿ.” ಆದ್ದರಿಂದ ಪರ್ಮಾಂಗನೇಟು ತಾಯಿಯ ಕಡೆಯ ನೆಂಟನೆಂದು ಸಿದ್ಧವಾಯಿತು.

ಪೂರ್ವಪಕ್ಷ: ಬಣ್ಣ ಹೋದರೆ ಅಂಶ ಹೋಯಿತೇ? ಹರಳು ಹಾಕಿದ ಕೈ ಧಾರಾಳವಾಗಿದ್ದು, 158 ಮಿಲಿಗ್ರಾಂ ಬಿತ್ತೆಂದು ಇಟ್ಟುಕೊಳ್ಳಿ. ಅವೊಗಾಡ್ರೋನ ಲೆಕ್ಕದಂತೆ ಮೊದಲ ಬಾಟಲಿಯಲ್ಲಿ ಪರ್ಮಾಂಗನೇಟ್ ಕಣಗಳು ಆರರ ಮುಂದೆ ಇಪ್ಪತ್ತು ಸೊನ್ನೆ. ಒಂದೊಂದು ಬಾಟಲಿಗೂ ಒಂದೊಂದು ಸೊನ್ನೆ ಅಳಿಯುತ್ತ ಇಪ್ಪತ್ತೊಂದನೆಯದರಲ್ಲಿ ಸರಾಸರಿ ಆರು ಉಳಿಯುತ್ತವೆ. “ಏನೂ ಇಲ್ರಿ” ಎಂದ ಐದನೆಯದರಲ್ಲಿ ಇನ್ನೂ ಹದಿನಾರು ಸೊನ್ನೆಗಳ ಸಂಸಾರ! ನೆಂಟರು ಇದ್ದಾರೆ, ಗುರುತು ಸಿಗುವುದಿಲ್ಲ, ಅಷ್ಟೆ. (ಹೋಮಿಯೋಪತಿಯವರು ನೂರರಲ್ಲೊಂದರಂತೆ ಮೂವತ್ತು ಸಲ ಇಳಿಸುತ್ತಾರೆ. ಅವರ ಬಂಧುಪ್ರೇಮಕ್ಕೆ ಈ ಪ್ರಬಂಧ ತಲೆಬಾಗುತ್ತದೆ.)

ಪಾಷಂಡ ಮತಗಳನ್ನೂ ಹೇಳದಿದ್ದರೆ ಗ್ರಂಥ ಅಪೂರ್ಣ. ತೊಂಬತ್ತರ ಬದಲು ನೂರು ಮಿ.ಲೀ. ನೀರಿಗೆ ಹತ್ತು ಹಾಕುವವರದು ಹನ್ನೊಂದರ ಪಂಥ. ಐದು ಸಲ ಇಳಿಸುವಷ್ಟರಲ್ಲಿ ಲಕ್ಷದಲ್ಲೊಂದಾಗಬೇಕಾದದ್ದು ಅವರಲ್ಲಿ 1,61,051ರಲ್ಲೊಂದಾಗಿರುತ್ತದೆ. ಕಬ್ಬಿಣದಂಶವಿರುವ ಬೋರ್‌ವೆಲ್ ನೀರು ಬಳಸಿದವರ ನೇರಳೆ ಕೆಟ್ಟು ಕಂದಾಗುತ್ತದೆ, ಅದು ಕುಲಭ್ರಷ್ಟತೆ. ಸಿರಿಂಜು ತೊಳೆಯದ ಪಂಥದವರಿಗೆ ಹಿಂದಿನ ಬಾಟಲಿಯ ಹನಿಯೇ ಮುಂದಿನದಕ್ಕೆ ಬಳುವಳಿ. ಅವರ ಬಣ್ಣ ಮಾತ್ರ ಬೇಗ ಬಿಡುವುದಿಲ್ಲ. ಪ್ರದರ್ಶನದಲ್ಲಿ ಬಹುಮಾನವೂ ಸಾಮಾನ್ಯವಾಗಿ ಅವರಿಗೇ.

ಕೊನೆಯದು ದಾಯವಿಭಾಗ, ಅಂದರೆ ಅಂಕ ಹಂಚಿಕೆ. ಗುಂಪಿನಲ್ಲಿ ಐವರು: ನಾಲ್ವರು ಹುಡುಗರು, ಒಬ್ಬಳು ಹುಡುಗಿ. ಅಳೆದವಳು, ಬಾಟಲಿ ತೊಳೆದವಳು, ಚಾರ್ಟ್ ಬರೆದವಳು ಅವಳೇ. ಆದರೆ ಮಿತಾಕ್ಷರದ ಪ್ರಕಾರ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು. ಪಟ್ಟಿಯಲ್ಲಿ ಹೆಸರು ಹುಟ್ಟಿದ ಕ್ಷಣವೇ ನಾಲ್ವರಿಗೂ ಅಂಕದಲ್ಲಿ ಪಾಲು ಬಂತು. ತಂದೆ ತೀರಿಕೊಂಡ ಮೇಲಷ್ಟೇ ಮಗನಿಗೆ ಹಕ್ಕೆನ್ನುವ ಜೀಮೂತವಾಹನನ ದಾಯಭಾಗ ಬಂಗಾಳದ ಕಡೆ ನಡೆಯಿತೇ ಹೊರತು ಬೀದರ್ ಜಿಲ್ಲೆಯಲ್ಲಿ ಅದಕ್ಕೆ ಮಾನ್ಯತೆಯಿಲ್ಲ. ಹುಡುಗಿ ಕಂಗೆಡಬೇಕಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ದೊರೆತಿರುವುದರಿಂದ, ಏನೂ ಮಾಡದ ಆ ನಾಲ್ವರಷ್ಟೇ ಅಂಕ ಅವಳಿಗೂ ಸಲ್ಲತಕ್ಕದ್ದು.