ಪ್ಲೇಟು ರಾಯರ ಮೂರನೇ ಡಬ್ಬಿ

ಜಯನಗರ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಈ ಜಾತಿಯವರು ಇನ್ನೂ ಸಿಗುತ್ತಾರೆ. ನೀವು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಒಳಗಿನಿಂದ "ಮೆತ್ತಗೆ ನಡೀರಿ" ಎಂಬ ಅಪ್ಪಣೆ ಬರುತ್ತದೆ. ಮಗು ಮಲಗಿದೆಯೇನೋ ಎಂದು ತುದಿಗಾಲಲ್ಲಿ ಹೋದರೆ ಮಗುವೂ ಇಲ್ಲ, ತೊಟ್ಟಿಲೂ ಇಲ್ಲ. ಪ್ಲೇಟು ತಿರುಗುತ್ತಿದೆ, ಮುಳ್ಳು ಹಾರೀತು ಎಂಬ ಭಯ. ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಪಿಂಚಣಿ ಪುಸ್ತಕದಲ್ಲಿ ಹೆಸರು ಏನಾದರೂ ಇರಲಿ, ಬೀದಿಗೆಲ್ಲ ಅವರು ಪ್ಲೇಟು ರಾಯರು.

ಹೊಸದಾಗಿ ಟರ್ನ್‌ಟೇಬಲ್ ಕೊಂಡ ಐಟಿ ಹುಡುಗರು ರಾಯರ ಬಳಿ ಸಲಹೆಗೆ ಬರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: "ಅಂಕಲ್, ಆಂಪ್ಲಿಫೈಯರ್ ಒಳಗೇ ಫೋನೋ ಸ್ಟೇಜ್ ಇದೆ. ಅದೇ ಸಾಕಾ, ಬೇರೆ ಡಬ್ಬಿ ತಗೋಬೇಕಾ?"

"ನೋಡಪ್ಪಾ," ಎಂದು ರಾಯರು ಕನ್ನಡಕ ಹಣೆಗೇರಿಸುತ್ತಾರೆ. "ಮುಳ್ಳಿಂದ ಬರೋದು ಮೂರೋ ನಾಲ್ಕೋ ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡೋದು 2 ವೋಲ್ಟ್. ಅದಕ್ಕೇ ಮೊದಲು ಇದನ್ನ ನೂರು ಪಟ್ಟು ಹಿಗ್ಗಿಸಬೇಕು. ಆಮೇಲೆ, ಪ್ಲೇಟು ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರ್ತಾರೆ. 20 ಹರ್ಟ್ಜ್ ಹತ್ರ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿರ್ತಾರೆ. ಇಲ್ಲದಿದ್ರೆ ಗೀರು ಅಗಲವಾಗಿ ಪ್ಲೇಟಿನ ಒಂದು ಪಕ್ಕದಲ್ಲಿ ಒಂದು ರಾಗವೂ ಹಿಡಿಯೋಲ್ಲ. ಇದು 1954ರಲ್ಲಿ ಅಮೆರಿಕದವರು ಗೊತ್ತುಮಾಡಿದ ಆರ್‌ಐಎಎ ಲೆಕ್ಕ. ಅದನ್ನ ತಿರುವುಮುರುವು ಮಾಡಿ ಸಮಕ್ಕೆ ತರೋದೂ ಫೋನೋ ಸ್ಟೇಜೇ. ಈ ಎರಡು ಕೆಲಸ ಒಳಗೆ ಕೂತು ಮಾಡಿದ್ರೇನು, ಹೊರಗೆ ಕೂತು ಮಾಡಿದ್ರೇನು? ನಿಂದು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್. ಒಳಗಿರೋದೇ ಧಾರಾಳವಾಯ್ತು. ದುಡ್ಡು ಜಾಸ್ತಿಯಾಗಿದ್ರೆ ಒಳ್ಳೇ ಮುಳ್ಳು ಹಾಕಿಸು. ಮುಂದೆ ಮೂವಿಂಗ್ ಕಾಯಿಲ್‌ಗೆ ಹೋದಾಗ ಬಾ. ಅದು ಅರ್ಧ ಮಿಲಿವೋಲ್ಟ್ ಕೊಟ್ರೆ ಹೆಚ್ಚು, ಸಾವಿರ ಪಟ್ಟು ಹಿಗ್ಗಿಸಬೇಕು, ಆಗ ಬೇರೆ ಡಬ್ಬಿ ಮಾತಾಡೋಣ."

ಇದಕ್ಕಿಂತ ನೆಟ್ಟಗಿನ ಸಲಹೆ ಯಾವ ಅಂಗಡಿಯಲ್ಲೂ ಸಿಗದು. ಸಿಕ್ಕರೆ ಆ ಅಂಗಡಿಗೆ ಬೀಗ ಬಿದ್ದಿರುತ್ತದೆ. ಹುಡುಗ ದುಡ್ಡು ಉಳಿದ ಖುಷಿಯಲ್ಲಿ ಹೊರಡುತ್ತಾನೆ. ಗೇಟು ಹಾಕಿದ ಸದ್ದಾಗುತ್ತಲೇ ರಾಯರು ಮಂಚದಡಿಯಿಂದ ತಮ್ಮ ಮೂರನೇ ಡಬ್ಬಿ ಹೊರಗೆಳೆಯುತ್ತಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಅಂದಹಾಗೆ ರಾಯರದೂ ಮೂವಿಂಗ್ ಮ್ಯಾಗ್ನೆಟ್ಟೇ. ಆಂಪ್ಲಿಫೈಯರ್ ಎಪ್ಪತ್ತರ ದಶಕದ್ದು. ಫೋನೋ ಇಲ್ಲದ ಆಂಪ್ಲಿಫೈಯರನ್ನು ಯಾರೂ ಕೊಳ್ಳದಿದ್ದ ಕಾಲದ ಮಾಲು, ಒಳಗಿನ ಸರ್ಕ್ಯೂಟ್ ಇವತ್ತಿಗೂ ಗಟ್ಟಿ. ಸಿಡಿ ಬಂದ ಮೇಲೆ ಕಂಪನಿಗಳು ಒಳಗಿನ ಫೋನೋವನ್ನು ಕೈಬಿಡತೊಡಗಿದ್ದರಿಂದ ಬೇರೆ ಡಬ್ಬಿಗಳ ವ್ಯಾಪಾರ ಕುದುರಿತು. ಇದನ್ನೂ ನನಗೆ ಹೇಳಿದವರು ರಾಯರೇ.

ಮೊದಲ ಡಬ್ಬಿಗೆ ಕೊಟ್ಟ ಕಾರಣ, ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇಷ್ಟು ಸೂಕ್ಷ್ಮ ಸರ್ಕ್ಯೂಟ್ ಇರಬಾರದು ಅನ್ನೋದು. ತಪ್ಪೇನಿಲ್ಲ. ಡಬ್ಬಿ ಬಂತು, ಜೊತೆಗೆ ಇನ್ನೊಂದು ಕೇಬಲ್, ಇನ್ನೊಂದು ಅರ್ಥ್ ವೈರು ಬಂದವು. ಅಲ್ಲಿಯವರೆಗೆ ಇಲ್ಲದಿದ್ದ 50 ಹರ್ಟ್ಜಿನ ಗುಂಯ್ ಶುರುವಾಯಿತು. ರಾಯರು ವೈರನ್ನು ಕಿಟಕಿ ಸರಳಿಗೆ ಕಟ್ಟಿದರು, ನಲ್ಲಿಗೆ ಕಟ್ಟಿದರು. ಕೊನೆಗೆ ಗುಂಯ್ ಹೋಗಲಾಡಿಸಲು ಎರಡನೇ ಡಬ್ಬಿ ಬಂತು.

"ಏನ್ರೀ ಇದು, ಹೊಸದಾ?"

"ಹಳೇದೇ ಕಣೇ. ಧೂಳು ಒರೆಸಿದೀನಿ."

ಎಲ್ಲ ಡಬ್ಬಿಗಳೂ ಕಪ್ಪಗಿರುವುದು ಸಂಸಾರಸ್ಥರಿಗೆ ತಯಾರಕರು ಮಾಡಿರುವ ದೊಡ್ಡ ಉಪಕಾರ.

ಬಂದವರಿಗೆಲ್ಲ ಕಾಫಿಯ ನಂತರ ಪರೀಕ್ಷೆ ಕಡ್ಡಾಯ. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ, ಎರಡು ನಿಮಿಷ ಒಳಗಿನದರಲ್ಲಿ, ಎರಡು ನಿಮಿಷ ಡಬ್ಬಿಯಲ್ಲಿ. "ಯಾವುದು ಚೆನ್ನ?" ಡಬ್ಬಿಯ ಗೇನ್ ಒಂದೆರಡು ಡೆಸಿಬೆಲ್ ಜಾಸ್ತಿ, ತುಸು ಜೋರಾಗಿ ಕೇಳಿದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಮೀಟರ್ ಇಟ್ಟು ವಾಲ್ಯೂಮ್ ಸಮ ಮಾಡದೆ ಹೋಲಿಸಬಾರದು ಎಂದು ಕಾರ್ಖಾನೆಯ ಟ್ರೈನಿಗಳನ್ನು ಗದರಿಸುತ್ತಿದ್ದ ಮನುಷ್ಯ ಇಲ್ಲಿ ವಾಲ್ಯೂಮ್ ಗುಬುಟು ಮುಟ್ಟುವುದೇ ಇಲ್ಲ. "ಎರಡನೇದರಲ್ಲಿ ತಂಬೂರಿ ಬಿಡಿಸಿ ಕೇಳಿಸ್ತು" ಎಂದವರಿಗೆ ಇನ್ನೊಂದು ಲೋಟ ಕಾಫಿ. ನಾನು ಪ್ರತಿ ಸಲವೂ ಹಾಗೇ ಹೇಳುತ್ತೇನೆ. ಆ ಮನೆಯ ಕಾಫಿ ಅಂಥದ್ದು.

ಮೂರನೆಯದಕ್ಕೆ ಮಾತ್ರ ನಿಜವಾದ ಕಾರಣವಿತ್ತು. ತಾತನ ಟ್ರಂಕಿನಲ್ಲಿ ಕಾಳಿಂಗರಾಯರದು ಸೇರಿದಂತೆ 78ರ ಪ್ಲೇಟುಗಳಿದ್ದವು. ಆ ಕಾಲದಲ್ಲಿ ಒಂದೊಂದು ಕಂಪನಿಗೆ ಬೇಸ್, ಟ್ರೆಬಲ್‌ಗಳ ಒಂದೊಂದು ಲೆಕ್ಕ. ಒಳಗಿನ ಫೋನೋಗೆ ಗೊತ್ತಿರುವುದು ಆರ್‌ಐಎಎ ಮಾತ್ರ. ಈ ಡಬ್ಬಿಯಲ್ಲಿ ಲೆಕ್ಕ ಬದಲಿಸುವ ಗುಬುಟುಗಳಿವೆ. ನಾನೂ ಒಪ್ಪಿ ತಲೆಯಾಡಿಸಿದೆ. ಆದರೆ ರಾಯರ ಟರ್ನ್‌ಟೇಬಲ್ ತಿರುಗುವುದು 33 ಮತ್ತು 45ರಲ್ಲಷ್ಟೇ.

ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. ಅವನ ಅಜ್ಜಿ ಮನೆಯಲ್ಲೂ 78ರ ಪ್ಲೇಟು ಸಿಕ್ಕಿವೆಯಂತೆ, ಡಬ್ಬಿಯನ್ನು ಒಂದು ವಾರ ಕೊಡುತ್ತೀರಾ ಎಂದ.

"ನಿಂಗ್ಯಾಕೋ ಅದು? ನಿನ್ನ ಟರ್ನ್‌ಟೇಬಲ್‌ನಲ್ಲಿ 78 ಓಡಬೇಕಲ್ಲ."

"ಓಡುತ್ತೆ ಅಂಕಲ್. ಅಗ್ಗದ್ದು, ಮೂರೂ ಸ್ಪೀಡ್ ಇದೆ."

ರಾಯರು ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅದನ್ನ ಇಲ್ಲೇ ತಂದಿಡು. 78ಕ್ಕೆ ದಪ್ಪ ಮುಳ್ಳು ಬೇಕು, ನಾನು ತರಿಸ್ತೀನಿ. ಆಂಟಿ ಕೇಳಿದ್ರೆ ನಿಂದು ಅನ್ನು."